ಆಡದ ಮಾತಿಗೆ ತಿಂದ ಎಲೆ

ನನ್ನ ಬಾಯಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದು ನನ್ನ ಮಾತು ಕೇಳುವುದಿಲ್ಲ. ಹಲ್ಲು ಉದುರಿ, ಮಾತಿಗಿಂತ ಗಾಳಿಯೇ ಹೆಚ್ಚು ಹೊರಬೀಳುವ ಈ ವಯಸ್ಸಿನಲ್ಲೂ ಅದು ಸುಮ್ಮನಿರುವುದಿಲ್ಲ. ಇನ್ನು ಇಪ್ಪತ್ನಾಲ್ಕರ ಹರೆಯದಲ್ಲಿ ಹೇಗಿತ್ತೆಂದು ನೀವೇ ಊಹಿಸಿ. ಆಗ ನಾನು ರಾಯಚೂರಿನಲ್ಲಿ ಮಾಸ್ತರ. ಶಾಲೆಯಲ್ಲಿ ಉರ್ದು ಕಲಿತು, ಮನೆಯಲ್ಲಿ ಕನ್ನಡ ಆಡಿ, ಓಣಿಯ ಹುಡುಗರೊಡನೆ ದಖನಿಯಲ್ಲಿ ಗುದ್ದಾಡಿ, ಸಂತೆಯಲ್ಲಿ ತೆಲುಗಿನವರ ಜೊತೆ ಚೌಕಾಸಿ ಮಾಡಿ ಬೆಳೆದವನು. ನಾಲ್ಕು ಭಾಷೆಯಲ್ಲಿ ಜಗಳ ಆಡಬಲ್ಲ ಮಾಸ್ತರ ಎಂದು ನನಗೆ ಊರಲ್ಲಿ ಹೆಸರಿತ್ತು. ಆ ಹೆಸರಿನಿಂದಲೇ ಕೆಟ್ಟೆ.

ನಲವತ್ತೊಂಬತ್ತರ ಸಂಕ್ರಾಂತಿಯ ಹೊತ್ತು. ನಿಜಾಮರ ಆಡಳಿತ ಮುಗಿದು ಇನ್ನೂ ನಾಲ್ಕೇ ತಿಂಗಳು. ಅದಕ್ಕೆ ಮುಂಚೆ ನಾಲ್ಕು ಜನ ಒಂದು ಕಡೆ ನಿಂತರೆ ಪೊಲೀಸರು ಬರುತ್ತಿದ್ದರು. ಈಗ ನಾಲ್ಕು ಜನ ನಿಂತರೆ ಒಬ್ಬ ನಾಯಕರು ಬರುತ್ತಿದ್ದರು. ನಿನ್ನೆಯವರೆಗೆ ಶೇರವಾನಿಯ ಗುಂಡಿ ಕತ್ತಿನವರೆಗೆ ಹಾಕಿಕೊಂಡು ಸಲಾಮು ಹೊಡೆಯುತ್ತಿದ್ದವರು ಇವತ್ತು ಚರಕದ ಮುಂದೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಭಾಷಣ ಕೇಳುವುದೆಂದರೆ ನಮ್ಮ ಜನಕ್ಕೆ ಆಗ ನಾಟಕ ನೋಡಿದಷ್ಟೇ ಖುಷಿ. ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ನಾನು ಹೇಳುತ್ತಿರುವ ನಾಯಕರು ಆ ಚರಕದ ಫೋಟೋ ಜಾತಿಯವರಲ್ಲ. ಹೈದರಾಬಾದಿನವರು, ಐವತ್ತರ ಆಸುಪಾಸು, ಸಣಕಲು ಮೈ, ದಪ್ಪ ಕನ್ನಡಕ. ಎರಡು ವರ್ಷ ಜೈಲಿನಲ್ಲಿದ್ದು ಬಂದವರು. ತಪ್ಪಾಯಿತೆಂದು ಒಂದು ಸಾಲು ಬರೆದುಕೊಟ್ಟಿದ್ದರೆ ಮರುದಿನವೇ ಮನೆಗೆ ಹೋಗಬಹುದಿತ್ತಂತೆ, ಬರೆಯಲಿಲ್ಲ. ಅವರಿಗೆ ಇದ್ದ ಚಟ ಒಂದೇ, ಎಲೆ ಅಡಿಕೆ. ಅವರಿಗೆ ಇರದಿದ್ದದ್ದೂ ಒಂದೇ, ಕನ್ನಡ. ನಮ್ಮ ಕಡೆಯ ಹಳ್ಳಿಗಳನ್ನು ತಿರುಗಿ ಜನರ ಕಷ್ಟ ಕೇಳಬೇಕೆಂದು ಅವರು ಬಂದಾಗ, ಅವರ ಉರ್ದುವನ್ನು ಕನ್ನಡ ಮಾಡಿ ಹೇಳಲು ಊರ ಹಿರಿಯರು ನನ್ನನ್ನು ಹಿಡಿದುಕೊಟ್ಟರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟುಬಿಟ್ಟೆ.

ಮೊದಲ ಸಭೆ ರಾಯಚೂರಿನಲ್ಲೇ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಕನ್ನಡಕ್ಕಿಳಿಸಿದೆ. ಅವರ ಭಾಷಣವೋ, ಏನೆಂದು ಹೇಳಲಿ! "ನನ್ನ ಕೈಯಲ್ಲಿ ಈಗ ಯಾವ ಅಧಿಕಾರವೂ ಇಲ್ಲ. ನಿಮ್ಮ ಕಷ್ಟ ಬರೆದುಕೊಳ್ಳುತ್ತೇನೆ, ಹೇಳಬೇಕಾದವರಿಗೆ ಹೇಳುತ್ತೇನೆ. ಆಗುತ್ತದೋ ಇಲ್ಲವೋ ಗೊತ್ತಿಲ್ಲ." ಇಷ್ಟೇ. ಯಾರು ಏನು ಕೇಳಿದರೂ "ದೇಖೇಂಗೆ", ಅಂದರೆ ನೋಡೋಣ. ಜನ ಆಕಳಿಸಿದರು. ಒಬ್ಬ ಮುದುಕ ಎದ್ದು ಹೋಗುತ್ತ ನನ್ನ ಕಡೆ ನೋಡಿ, "ಇಷ್ಟ ಹೇಳಾಕ ಇಬ್ಬರು ಯಾಕ ಬೇಕಿತ್ತು?" ಎಂದ. ಅವನು ಅಂದದ್ದು ಅವರಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ಕಿವಿ ಕೆಂಪಾದವು.

ಮರುದಿನ ಗಿಲ್ಲೆಸುಗೂರು. ಅವರು ಎಂದಿನಂತೆ "ಆಸ್ಪತ್ರೆಯದ್ದು ನೋಡೋಣ" ಎಂದರು. ನಾನು ಸುಮ್ಮನೆ ಒಗ್ಗರಣೆ ಹಾಕಿದ ಹಾಗೆ "ನಿಮ್ಮೂರಾಗ ಆಸ್ಪತ್ರಿ ಆಗಾಕ ಬೇಕು, ಅಲ್ಲೀತನ ನಾ ಸುಮ್ಮನ ಕುಂದ್ರಂಗಿಲ್ಲ" ಎಂದೆ. ಅಬ್ಬಬ್ಬಾ, ಆ ಚಪ್ಪಾಳೆ! ಯಾಪಲದಿನ್ನಿಯಲ್ಲಿ ಎರಡು ಬಾವಿ ತೋಡಿಸಿದೆ. ಮಾನ್ವಿಯಲ್ಲಿ ಜನ ಕಡಲೆ ತಿನ್ನುವುದನ್ನು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ಕೂತಿದ್ದನ್ನು ನೋಡಿ ತಡೆಯಲಾಗದೆ, ತಾಲ್ಲೂಕಿನ ಹೊಲಕ್ಕೆಲ್ಲ ಕಾಲುವೆ ನೀರು ಹರಿಸಿಬಿಟ್ಟೆ. ಎಷ್ಟೋ ವರ್ಷದ ಮೇಲೆ ನಿಜವಾಗಿಯೂ ಅಲ್ಲಿಗೆ ಕಾಲುವೆ ಬಂತು. ಅದರಲ್ಲಿ ನನ್ನ ಪಾಲೇನೂ ಇಲ್ಲವೆಂದರೆ ಮಾನ್ವಿಯ ಒಬ್ಬ ಹಿರಿಯರು ಕೊನೆಯವರೆಗೂ ನಂಬಲಿಲ್ಲ.

ನಾಯಕರಿಗೆ ಆಶ್ಚರ್ಯ. ಕಾರಿನಲ್ಲಿ ಕೂತು ಎಲೆ ಮಡಚುತ್ತ ಕೇಳಿದರು. ಅವರ ಉರ್ದುವನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಸಲ ಒಂದು ಪದವನ್ನೂ ಕೂಡಿಸಿಲ್ಲ, ನನ್ನಾಣೆ.

"ಮಾಸ್ತರರೇ, ಹೈದರಾಬಾದಿನಲ್ಲಿ ನನ್ನ ಮಾತಿಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ನಿಮ್ಮ ಕನ್ನಡದಲ್ಲಿ ಏನಿದೆ?"

"ಭಾಷೆಯೇ ಅಂಥದ್ದು ಸಾಹೇಬರೇ" ಎಂದೆ. ಹೌದು, ಹಾಗೆಂದೇ ಹೇಳಿದೆ, ಮಾನಗೇಡಿ ನಾನು.

ನಾಲ್ಕನೆಯ ದಿನ ದೇವದುರ್ಗ. ಅದು ನನ್ನ ಹೆಂಡತಿಯ ತವರು. ಕಾರಿನಲ್ಲಿ ಜಾಗವಿದೆ, ತವರಿಗೆ ಬಿಟ್ಟ ಹಾಗಾಗುತ್ತದೆ ಎಂದು ಅವಳನ್ನೂ ಕೂರಿಸಿಕೊಂಡೆವು. ಇಲ್ಲೊಂದು ಮಾತು ಹೇಳಬೇಕು. ಅವಳು ಬೆಳೆದ ಮನೆಗೂ ಬಳೆಗಾರ ಸಾಬರ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಕಡೆಯ ಉರ್ದುವಾದ ದಖನಿಯನ್ನು ಅವಳು ನನಗಿಂತ ಚೆನ್ನಾಗಿ ಆಡುತ್ತಿದ್ದಳು. ಅದು ನೆನಪಾಗಿದ್ದರೆ ನನ್ನ ನಾಲಿಗೆ ಸ್ವಲ್ಪ ಗಿಡ್ಡವಾಗುತ್ತಿತ್ತೋ ಏನೋ. ನೆನಪಾಗಲಿಲ್ಲ.

ದೇವದುರ್ಗಕ್ಕೆ ಇನ್ನು ಮೂರು ಹರದಾರಿ ಇದೆ ಎನ್ನುವಾಗ ದಾರಿಯ ಪಕ್ಕ ಒಂದು ಹಳ್ಳಿ. ಹೆಸರು ಬೇಡ, ಅಲ್ಲಿಯವರು ಈಗಲೂ ನನ್ನನ್ನು ಕಂಡರೆ ನಗುತ್ತಾರೆ. ರಸ್ತೆಗೆ ಒಂದು ದೊಡ್ಡ ಬೇವಿನ ಗಿಡ. ಅದರ ಬುಡದಲ್ಲಿ ಜನ ಸೇರಿದ್ದರು. ಮುಂದೆ ಊರ ಗೌಡರು, ಕುಳಗಳು, ತೀರಾ ಹಿಂದೆ ಊರ ಹೊರಗಿನ ಕೇರಿಯ ಕೂಲಿ ಜನ. ನಾಯಕರು ಮಾತು ಮುಗಿಸಿ, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ಮುಂದಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಒಬ್ಬ ಮುದುಕಿ ಎದ್ದು ನಿಂತಳು. ಪಕ್ಕದಲ್ಲಿ ಕೂತಿದ್ದ ಬಸುರಿ ಮಗಳ ತಲೆಯ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದಳು.

"ಯಪ್ಪಾ, ಇಲ್ಲಿ ದಿನಾ ಸರ್ಕಾರದ ಬಸ್ಸು ಹೊಕ್ಕದ, ಬರ್ತದ. ನಿಂದ್ರಂಗಿಲ್ಲ. ನನ್ನ ಮಗಳ ಚೊಚ್ಚಲ ಕೂಸು, ದೇವದುರ್ಗದ ದವಾಖಾನಿಗೆ ಒಯ್ಯೂಮುಂದ ಹಳ್ಳದಾಗ ಬಂಡಿ ಸಿಕ್ಕೊಂಡು, ಬಂಡ್ಯಾಗ ಹೋತು. ಈಗ ಮತ್ತ ಆರು ತಿಂಗಳು. ಉಗಾದಿ ಮುಂದ ಅಲ್ಲಿ ನಮ್ಮ ತಂಗಿ ಮನ್ಯಾಗ ಒಯ್ದು ಇಡಬೇಕಂತೀನಿ. ಮತ್ತ ಬಂಡ್ಯಾಗ ಕುಂದ್ರಸಾಕ ನನಗ ಜೀವ ಒಲ್ಲದು. ಬಸ್ಸು ಒಂದು ಗಳಿಗಿ ಇಲ್ಲಿ ನಿಂತ್ರ ಸಾಕು."

ಇದನ್ನು ನಾನು ನಾಯಕರಿಗೆ ನೆಟ್ಟಗೆ ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮೆಲ್ಲಗೆ ಹೇಳಿದರು: "ಬಸ್ಸಿನವರಿಗೆ ಬರೆಯುತ್ತೇನೆ. ದೇಖೇಂಗೆ. ಮಾತು ಮಾತ್ರ ಕೊಡಲಾರೆ." ಅಷ್ಟೇ. ಉಸಿರು ಬಿಟ್ಟಷ್ಟು ಹೊತ್ತು.

ನಾನು ಜನರ ಕಡೆ ತಿರುಗಿದೆ. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಮುದುಕಿಯ ಮುಖ ನೋಡಿ ಮರುಕವೂ ಆಯಿತು, ಚಪ್ಪಾಳೆಯ ಆಸೆಯೂ ಆಯಿತು. ಯಾವುದು ಎಷ್ಟು ಪಾಲು ಎಂದು ಇವತ್ತಿಗೂ ಲೆಕ್ಕ ಹಾಕಲು ಧೈರ್ಯವಿಲ್ಲ. ಬಾಯಿ ತೆರೆಯಿತು. "ನೋಡ್ರಿ ಯವ್ವಾ, ಸಾಹೇಬರು ಏನಂತಾರಂದ್ರ, ಈ ಕೂಸು ನಿನ್ನ ಮೊಮ್ಮಗ ಅಲ್ಲ, ನನ್ನ ಮೊಮ್ಮಗ ಅಂತ ತಿಳಿ. ಜೈಲಿಗೆ ಹೆದರದ ಮನಷಾ ನಾನು, ಒಂದು ಬಸ್ಸಿಗೆ ಹೆದರತೀನೇನು? ಉಗಾದಿ ಒಳಗ ಇದ ಬೇವಿನ ಗಿಡದ ಬುಡಕ ಬಸ್ಸು ನಿಂದ್ರತದ. ನಿಂದ್ರಲಿಲ್ಲಂದ್ರ ನಾನ ಬಂದು ಅಡ್ಡ ನಿಂದ್ರತೀನಿ. ಇದು ನನ್ನ ಮಾತು!"

ಚಪ್ಪಾಳೆ, ಸಿಳ್ಳು, ಜೈಕಾರ. ನಾಯಕರು ಗಾಬರಿಯಿಂದ ನನ್ನ ಕಡೆ ನೋಡಿದರು. ನಾನು ಭಾಷೆಯೇ ಅಂಥದ್ದು ಎನ್ನುವ ಹಾಗೆ ತಲೆಯಾಡಿಸಿದೆ.

ಮುದುಕಿ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಸೆರಗಿನ ಗಂಟು ಬಿಚ್ಚಿ ಐದು ವೀಳ್ಯದೆಲೆ, ಒಂದು ಅಡಿಕೆ ತೆಗೆದು ನಾಯಕರ ಮುಂದೆ ಹಿಡಿದಳು. ನಮ್ಮ ಕಡೆ ಎಲೆ ಹಿಡಿಯುವುದೆಂದರೆ ಬಾಯಿ ಕೆಂಪು ಮಾಡಿಕೊಳ್ಳುವುದಲ್ಲ. ಹೆಣ್ಣು ಗೊತ್ತು ಮಾಡುವಾಗ, ಹೊಲದ ಜಗಳ ಹರಿಯುವಾಗ, ಹೀಗೆ ಐದು ಎಲೆ ಕೈಬದಲಾಗುತ್ತವೆ. ಹಿಡಿದು ಬಾಯಿಗಿಟ್ಟನೆಂದರೆ ಮುಗಿಯಿತು, ಆಡಿದ್ದನ್ನು ಮಾಡಬೇಕು. ಇಲ್ಲದಿದ್ದರೆ ಅವನ ಹೆಸರನ್ನು ಊರು ಉಗಿಯುತ್ತದೆ. ಹೈದರಾಬಾದಿನ ಸಾಹೇಬರಿಗೆ ಇದೆಲ್ಲ ಎಲ್ಲಿ ಗೊತ್ತು! ಅವರು ಎಲೆ ಕಂಡದ್ದೇ ಮುಖ ಅರಳಿಸಿ ಎದ್ದು ನಿಂತು, ಎರಡೂ ಕೈ ಒಡ್ಡಿ ಇಸಿದುಕೊಂಡು, ತಮ್ಮ ಡಬ್ಬಿಯಿಂದ ಸುಣ್ಣ ಹಚ್ಚಿ ಅಲ್ಲೇ ಬಾಯಿಗಿಟ್ಟರು. ಮುಂದೆ ಕೂತಿದ್ದ ಕುಳಗಳು ಕೇರಿಯವಳ ಕೈಯಿಂದ ತಿಂದರಲ್ಲ ಎಂದು ಗುಸುಗುಸು ಅಂದರು. ಮುದುಕಿ ಮುಂದೆ ಬಂದಾಗ ನಾನೂ ಒಂದು ಹೆಜ್ಜೆ ಹಿಂದೆ ಸರಿದಿದ್ದೆ, ಧೋತರದ ಚುಂಗು ಎತ್ತಿಕೊಂಡು. ಮನೆಯಲ್ಲಿ ಕಲಿಸಿದ ಚಾಳಿ. ಯಾರೂ ನೋಡಲಿಲ್ಲವೆಂದುಕೊಂಡಿದ್ದೆ.

ದೇವದುರ್ಗದಲ್ಲಿ ಮಾವನ ಮನೆಯ ಕಟ್ಟೆಯ ಮೇಲೆ ಕಾಲು ತೊಳೆದುಕೊಳ್ಳುತ್ತಿದ್ದೆ. ಹೆಂಡತಿ ತಂಬಿಗೆ ಹಿಡಿದು ನಿಂತಿದ್ದಳು. ನೀರು ಹಾಕಲಿಲ್ಲ.

"ಏನ್ರಿ, ಅವ್ರು ಬಾಯಿ ತೆಗೆದು ಮುಚ್ಚೂದ್ರಾಗ ನೀವು ಒಂದು ಸಂಸಾರ ಕಟ್ಟಿಬಿಟ್ರಿ?"

"ಏನ್ ಹಂಗಂದ್ರ?"

"ಮಾತು ಕೊಡಂಗಿಲ್ಲ ಅಂದ್ರು ಅವ್ರು. ನಾ ಕೇಳೀನಿ. ನೀವು ಕೊಟ್ರಿ. ಅದೂ ಅವರ ಬಾಯಿಲಿಂದ. ಮ್ಯಾಲ ಎಲಿ ಬೇರೆ ತಿನ್ನಿಸಿದ್ರಿ."

"ಹೋಗ್ಲಿ ಬಿಡು, ಮುದುಕಿಗೆ ನಾಕು ದಿನ ಸಮಾಧಾನ ಇರ್ತದ."

"ಐದನೇ ದಿನ?" ಎಂದಳು. ತಂಬಿಗೆಯನ್ನು ಅಲ್ಲೇ ಕುಕ್ಕಿ ಒಳಗೆ ಹೋದಳು. ಅರ್ಧ ಕಾಲು ತೊಳೆದುಕೊಂಡೇ ಊಟಕ್ಕೆ ಕೂತೆ.

ಐದನೇ ದಿನ ಏನಾಯಿತೆಂದು ಹೇಳುತ್ತೇನೆ. ನಾಯಕರು ಬೇರೆ ತಾಲ್ಲೂಕುಗಳಿಗೆ ಹೋದರು. ನಾನು ಹೆಂಡತಿಯನ್ನು ಕರೆತರಲು ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಒಳ್ಳೆಯ ಜಾಗ ಸಿಕ್ಕಿತೆಂದು ಖುಷಿಯಾಗಿದ್ದೆ. ಬೇವಿನ ಗಿಡ ಬಂತು. ಗಿಡದ ಬುಡದಲ್ಲಿ ಆ ಮುದುಕಿ, ಒಂದು ಗಂಟು, ಪಕ್ಕದಲ್ಲಿ ಮಗಳು, ಇನ್ನೂ ನಾಲ್ಕೈದು ಜನ. ಎಲ್ಲರೂ ಒಗೆದ ಬಟ್ಟೆ ಉಟ್ಟಿದ್ದರು. ಬಸ್ಸು ಕಂಡದ್ದೇ ಕೈ ಮೇಲೆತ್ತಿದರು. ಬಸ್ಸು ಅವರ ಮೇಲೆ ಇಷ್ಟು ಧೂಳು ಎರಚಿ ಮುಂದೆ ಹೋಯಿತು. ನಾನು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿ ಕೂತೆ.

"ಹುಚ್ಚ ಮಂದಿರೀ" ಎಂದ ಕಂಡಕ್ಟರ, ಚೀಟಿ ಹರಿಯುತ್ತ. "ದಿನಾ ಹಿಂಗ ನಿಂದರ್ತಾರ. ಯಾವನೋ ಲೀಡರ ಎಲಿ ತಿಂದು ಮಾತು ಕೊಟ್ಟಾನಂತ."

"ಲೀಡರಂದ್ರ ಮತ್ತ ಹಂಗ ಅಲ್ಲೇನ್ರಿ" ಎಂದ ಪಕ್ಕದವನು. "ಜೈಲಿಗೆ ಹೋಗಿ ಬಂದಾವ ಇದ್ರ ಏನು, ಸುಳ್ಳು ಹೇಳೂದು ಅಲ್ಲೇ ಕಲ್ತು ಬಂದಿರಬೇಕು."

ಇಡೀ ಬಸ್ಸು ನಕ್ಕಿತು. ಒಂದೇ ಒಂದು ಸಾಲು ಸುಳ್ಳು ಬರೆಯಲೊಲ್ಲದೆ ಎರಡು ವರ್ಷ ಕಲ್ಲಿನ ಮೇಲೆ ಮಲಗಿದ ಮನುಷ್ಯ ಅವರು. ಅಲ್ಲವೆಂದು ಎದ್ದು ಕೂಗಬೇಕೆನ್ನಿಸಿತು. ನಾಲ್ಕು ಭಾಷೆ ಬರುತ್ತಿತ್ತಲ್ಲ ನನಗೆ! ಒಂದರಲ್ಲೂ ಬಾಯಿ ಏಳಲಿಲ್ಲ.

ಅತ್ತೆಗೆ ಸೊಂಟ ಹಿಡಿದಿದ್ದರಿಂದ ಆ ಎರಡು ತಿಂಗಳು ನಾವು ಹದಿನೈದು ದಿನಕ್ಕೊಮ್ಮೆ ದೇವದುರ್ಗಕ್ಕೆ ಹೋಗಬೇಕಾಯಿತು. ಬೇರೆಯವರಿಗೆ ಅತ್ತೆಯ ಸೊಂಟ ಚಿಂತೆ, ನನಗೆ ಆ ಬೇವಿನ ಗಿಡ ಚಿಂತೆ. ಪ್ರತಿ ಸಲವೂ ಅವರು ಅಲ್ಲೇ ಇರುತ್ತಿದ್ದರು. ಮಗಳ ಹೊಟ್ಟೆ ಪ್ರತಿ ಸಲ ದೊಡ್ಡದಾಗಿರುತ್ತಿತ್ತು. ನಾನು ಕಿಟಕಿ ಬಿಟ್ಟು ಆಚೆಯ ಸಾಲಿನಲ್ಲಿ ಕೂರಲು ಶುರು ಮಾಡಿದೆ. ಹೆಂಡತಿ ಬೇಕೆಂದೇ ಕಿಟಕಿಯಲ್ಲಿ ಕೂತು, ಗಿಡ ಹತ್ತಿರ ಬಂದ ಕೂಡಲೇ "ಬರ್ರಿ, ನಿಮ್ಮ ಮೊಮ್ಮಗ ನಿಂತಾನ, ನೋಡಬರ್ರಿ" ಎನ್ನುತ್ತಿದ್ದಳು.

ಉಗಾದಿಗೆ ಹತ್ತು ದಿನ ಇದ್ದಾಗ ಮುದುಕಿ ಒಬ್ಬಳೇ ನಿಂತಿದ್ದಳು. ಮಗಳು ಗಿಡಕ್ಕೆ ಒರಗಿ ಕೂತಿದ್ದಳು, ನಿಲ್ಲಲು ಆಗುತ್ತಿರಲಿಲ್ಲವೇನೋ. ಉಳಿದವರು ಬಂದೇ ಇರಲಿಲ್ಲ. ಅವರ ನಂಬಿಕೆ ಮುಗಿದಿರಬೇಕು. ಆ ಸಲ ಹೆಂಡತಿ ನನ್ನನ್ನು ಕೆಣಕಲಿಲ್ಲ. ದೇವದುರ್ಗದಲ್ಲಿ ಇಳಿದ ಮೇಲೆ ಹೇಳಿದಳು.

"ಆ ಹುಡುಗಿಗೆ ಏನರ ಆದ್ರ ನಾ ನಿಮ್ಮ ಸಂಗಟ ಮಾತಾಡಂಗಿಲ್ಲ. ಸಿಟ್ಟಿಲೆ ಹೇಳಾಕತ್ತಿಲ್ಲ. ನೀವು ಮಾತಾಡಿದ್ರ ಇದು ಯಾರ ಮಾತು ಅಂತ ನನಗ ಅನುಮಾನ ಬರ್ತದ, ಅದಕ್ಕ."

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಬಂದ ಬಸ್ಸಿನಲ್ಲೇ ತಿರುಗಿ ಕೂತೆ. ನಾಯಕರು ಆ ವಾರ ರಾಯಚೂರಿಗೆ ಬಂದಿದ್ದಾರೆಂದು ಕೇಳಿದ್ದೆ. ಮರುದಿನ ಬೆಳಿಗ್ಗೆ, ಸ್ಟೇಷನ್ನಿನ ಹತ್ತಿರ ಅವರು ಇಳಿದುಕೊಂಡಿದ್ದ ಮನೆಗೆ ಹೋದೆ. ಅವರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಕೂತಿದ್ದರು. ನನ್ನನ್ನು ಕಂಡು ಖುಷಿಪಟ್ಟರು.

"ಬನ್ನಿ, ಬನ್ನಿ! ನೀವಿಲ್ಲದೆ ಬೇರೆ ತಾಲ್ಲೂಕುಗಳಲ್ಲಿ ಮತ್ತೆ ಚಪ್ಪಾಳೆ ನಿಂತುಹೋಯಿತು."

ನಿಂತುಕೊಂಡೇ ಎಲ್ಲ ಹೇಳಿದೆ. ಬಸ್ಸು, ಬೇವಿನ ಗಿಡ, ಐದು ಎಲೆಯ ಅರ್ಥ, ಚೊಚ್ಚಲ ಕೂಸು, ಕಂಡಕ್ಟರನ ಮಾತು, ದಖನಿ ಬಲ್ಲ ಹೆಂಡತಿ ನನ್ನ ಸುಳ್ಳು ಹಿಡಿದದ್ದು. ಅವರು ಬಸಿಯನ್ನು ಕೆಳಗಿಟ್ಟರು.

"ಇನ್ನೇನೇನು ಹೇಳಿದ್ದೇನೆ ನಾನು?"

"ಗಿಲ್ಲೆಸುಗೂರಿನಲ್ಲಿ ಒಂದು ಆಸ್ಪತ್ರೆ, ಸಾಹೇಬರೇ."

"ಮತ್ತೆ?"

"ಯಾಪಲದಿನ್ನಿಯಲ್ಲಿ ಎರಡು ಬಾವಿ."

"ಎರಡು! ಒಂದು ಸಾಲದಾಗಿತ್ತೇ? ಮಾನ್ವಿ?"

"ಮಾನ್ವಿಗೆ... ಕಾಲುವೆ."

"ಎಲ್ಲಿಗೆ?"

"ಎಲ್ಲ ಕಡೆಗೂ."

ಅವರು ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ತಿರುಗಿದಾಗ ಕಂಡದ್ದು ಸಿಟ್ಟು.

"ನನ್ನ ಹತ್ತಿರ ಹೊಲವಿಲ್ಲ, ಮನೆಯಿಲ್ಲ. ಇದ್ದದ್ದು ಒಂದೇ, ಈ ಮನುಷ್ಯ ಸುಳ್ಳು ಹೇಳುವುದಿಲ್ಲ ಎನ್ನುವ ಹೆಸರು. ಅದನ್ನು ಜೈಲಿನವರಿಗೂ ನನ್ನಿಂದ ಕಿತ್ತುಕೊಳ್ಳಲು ಆಗಲಿಲ್ಲ. ನೀವು ನಾಲ್ಕು ದಿನದಲ್ಲಿ ಮೂರು ತಾಲ್ಲೂಕಿನಲ್ಲಿ ಹಂಚಿಬಿಟ್ಟಿರಲ್ಲ ಮಾಸ್ತರರೇ!"

ನನಗೆ ಕಣ್ಣಲ್ಲಿ ನೀರು ಬಂತು. ತಪ್ಪು ನನ್ನದೇ ಎಂದು ಎಲ್ಲರಿಗೂ ಹೇಳಿ ಬರುತ್ತೇನೆ, ನೀವು ಬರುವುದೇ ಬೇಡ ಎಂದೆ.

"ನೀವು ಹೇಳಿದರೆ ಯಾರು ನಂಬುತ್ತಾರೆ?" ಎಂದರು. ನ್ಯಾಯವಾದ ಪ್ರಶ್ನೆ.

ಅಂದೇ ಬಸ್ಸಿನ ಕಚೇರಿಗೆ ಹೋಗಿ ಬಂದರು. ಅವರು ಜನವರಿಯಲ್ಲೇ ಬರೆದಿದ್ದ ಕಾಗದ ಅಲ್ಲಿತ್ತು. ಹೊಸ ನಿಲ್ದಾಣಕ್ಕೆ ಹೈದರಾಬಾದಿನಿಂದ ಹುಕುಂ ಬರಬೇಕು, ಇನ್ನೂ ಮೂರು ತಿಂಗಳಾದರೂ ಆಗಬಹುದು ಎಂದರಂತೆ. ಸಂಜೆ ನನಗೆ ಹೇಳಿ ಕಳಿಸಿದರು: ಬುಧವಾರದ ಬಸ್ಸಿಗೆ ಹೋಗೋಣ. ನಿಮ್ಮ ಹೆಂಡತಿಯನ್ನು ಆ ಗಿಡದ ಹತ್ತಿರ ಬಂದಿರಲು ಹೇಳಿ. ನನ್ನ ಮಾತನ್ನು ನೀವು ಕನ್ನಡಕ್ಕೆ ತಿರುಗಿಸುತ್ತೀರಿ, ನಿಮ್ಮ ಮಾತನ್ನು ಅವರು ತೂಗುತ್ತಾರೆ.

ಬುಧವಾರ ನಾಯಕರು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಎಲೆ ಡಬ್ಬಿ ತೆಗೆಯಲಿಲ್ಲ. ಡ್ರೈವರ ರಾಯಚೂರಿನ ಸಾಬರವನು, ದೊಡ್ಡ ಮೀಸೆಯ ಖಡಕ್ ಮನುಷ್ಯ. ಗಿಡ ದೂರದಲ್ಲಿ ಕಂಡಾಗ ನಾಯಕರು ಬಗ್ಗಿ, "ಭಾಯಿ, ನಾನು ಅಲ್ಲಿ ಇಳಿಯಬೇಕು" ಎಂದರು. ಅಲ್ಲಿ ನಿಲ್ದಾಣವಿಲ್ಲ ಎಂದು ಹೇಳಲು ತಿರುಗಿದ ಡ್ರೈವರ ಖಾದಿ ಟೋಪಿಯ ಕೆಳಗಿನ ಮುಖ ಗುರುತಿಸಿ, ಏನೂ ಹೇಳದೆ ಬ್ರೇಕು ಹಾಕಿದ.

ಬಸ್ಸು ನಿಂತಿತು. ಧೂಳು ಇಳಿಯುವಷ್ಟರಲ್ಲಿ ಹೊಲದಿಂದ, ಕೇರಿಯಿಂದ ಜನ ಓಡಿಬಂದರು. "ನಿಂತ್ತು! ಬಸ್ಸು ನಿಂತ್ತು! ಎಲಿ ತಿಂದಾವ ಬಂದಾನ!" ಗಿಡದ ಬುಡದಲ್ಲಿ ಮುದುಕಿ ಮಗಳ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು. ಅವಳ ಇನ್ನೊಂದು ಪಕ್ಕಕ್ಕೆ ಆ ಹುಡುಗಿಯನ್ನು ಹಿಡಿದುಕೊಂಡು ನಿಂತಿದ್ದವಳು ನನ್ನ ಹೆಂಡತಿ. ಅಪ್ಪನ ಬಂಡಿಯಲ್ಲಿ ಬೆಳಗಾದ ಕೂಡಲೇ ಬಂದಿದ್ದಳು.

ಜನ ಜೈಕಾರ ಹಾಕುತ್ತಿದ್ದರು. ನಾಯಕರು ಕೈಯೆತ್ತಿ ಸುಮ್ಮನಾಗಿಸಿ ನನಗೆ ಹೇಳಿದರು: "ಹೇಳಿ ಇವರಿಗೆ. ಕೂಡಿಸಬೇಡಿ, ಬಿಡಬೇಡಿ. ಅವತ್ತು ಬಸ್ಸಿನ ಮಾತನ್ನು ನಾನು ಕೊಡಲಿಲ್ಲ. ಕೊಡಲಾರೆ ಎಂದಿದ್ದೆ. ಕೊಟ್ಟವನು ಈ ಮಾಸ್ತರ. ಆದರೆ ಎಲೆ ತಿಂದವನು ನಾನು, ಅದಕ್ಕೆ ಬಂದಿದ್ದೇನೆ. ಹುಕುಂ ಇನ್ನೂ ಬಂದಿಲ್ಲ. ಇವತ್ತು ನಾನಿದ್ದೆ, ನಿಂತಿತು. ನಾಳೆಯದು ನನಗೆ ಗೊತ್ತಿಲ್ಲ."

ಎದುರಿಗೆ ನಗುವ ನೂರು ಮುಖ. ನಿಜ ಹೇಳುತ್ತೇನೆ, ಆಗಲೂ ಬಾಯಿಯಲ್ಲಿ ಇನ್ನೊಂದು ಮಾತು ಸಿದ್ಧವಾಗಿ ನಿಂತಿತ್ತು: ಸಾಹೇಬರು ಕೊಟ್ಟ ಮಾತು ನಡೆಸಿಕೊಟ್ಟಿದ್ದಾರೆ! ಅಷ್ಟು ಹೇಳಿದ್ದರೆ ಅವರಿಗೂ ಹಾರ ಬೀಳುತ್ತಿತ್ತು, ನನಗೂ ಬೀಳುತ್ತಿತ್ತು. ಎಲ್ಲರಿಗೂ ಸುಖ. ಹೆಂಡತಿಯ ಕಡೆ ನೋಡಿದೆ. ಅವಳು ಹುಬ್ಬೂ ಏರಿಸಲಿಲ್ಲ, ಕಣ್ಣೂ ಕೆಕ್ಕರಿಸಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಮಾಸ್ತರ ನೋಡಿದ ಹಾಗೆ ಸುಮ್ಮನೆ ನೋಡುತ್ತಿದ್ದಳು.

"ಅವತ್ತು ಬಸ್ಸಿನ ಮಾತು ಸಾಹೇಬರು ಕೊಡಲಿಲ್ಲ" ಎಂದೆ. "ಕೊಡಲಾರೆ ಅಂದಿದ್ರು. ಕೊಟ್ಟಾವ ನಾನು. ಆದ್ರ ಎಲಿ ತಿಂದಾವ್ರು ಅವ್ರು, ಅದಕ್ಕ ಬಂದಾರ. ಹುಕುಂ ಇನ್ನೂ ಬಂದಿಲ್ಲ. ಇವತ್ತು ಅವ್ರು ಇದ್ರು, ನಿಂತ್ತು. ನಾಳಿದು ಅವರಿಗೆ ಗೊತ್ತಿಲ್ಲ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಊರ ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುದುಕಿ ಮಾತ್ರ ಹತ್ತಿರ ಬಂದಳು.

"ಮುಗೀತೇನು?"

"ಮುಗೀತು ಯವ್ವಾ."

"ಇವತ್ತ ಅಂವ ಆಡಿದಷ್ಟ ನೀ ಆಡಿದಿ" ಎಂದಳು. "ಅವತ್ತ ಅಂವ ಎರಡು ಮಾತಾಡಿದ, ನೀ ಇಪ್ಪತ್ತು ಆಡಿದಿ. ನನಗ ಆ ಮಾತು ತಿಳಿಯಂಗಿಲ್ಲ ಖರೇ, ಉದ್ದ ಗಿಡ್ಡ ತಿಳೀತದ."

ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಗೌಡರು ಕೂಡ. ನಾಯಕರು "ಏನಂತೆ, ಏನಂತೆ?" ಎಂದು ನನ್ನ ತೋಳು ಎಳೆದರು. ಅದನ್ನೂ ಇದ್ದ ಹಾಗೆಯೇ ಉರ್ದುವಿನಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಸ್ಟೇರಿಂಗಿನ ಮೇಲೆ ಮೊಳಕೈ ಊರಿ ಎರಡೂ ಭಾಷೆ ಕೇಳಿಸಿಕೊಂಡಿದ್ದ ಡ್ರೈವರ ಹೊರಗೆ ತಲೆ ಹಾಕಿ ಕೂಗಿದ.

"ನಾಳಿದು ನನಗ ಗೊತ್ತದರೀ. ನಾ ನಿಂದ್ರಸ್ತೀನಿ. ಹುಕುಂ ಬಂದಾಗ ಬರ್ಲಿ. ಹತ್ರಿ ಇನ್ನ, ಟೈಮ ಆತು!"

ನಾಯಕರು ತಮ್ಮ ಸೀಟಿನಲ್ಲಿ ಆ ಹುಡುಗಿಯನ್ನು ಕೂರಿಸಿ, ದೇವದುರ್ಗದವರೆಗೂ ಸಲಾಕೆ ಹಿಡಿದು ನಿಂತೇ ಬಂದರು. ಹಳ್ಳ ದಾಟುವಾಗ ಡ್ರೈವರ ಬಸ್ಸನ್ನು ತುಂಬಿದ ಕೊಡ ಇಳಿಸುವ ಹಾಗೆ ಮೆಲ್ಲಗೆ ಇಳಿಸಿದ. ನನ್ನ ಹೆಂಡತಿ ನನ್ನ ಪಕ್ಕದಲ್ಲಿ ನಿಂತಿದ್ದಳು. ಹಳ್ಳ ದಾಟಿದ ಮೇಲೆ, "ಹಸಿವ್ಯಾಗೇದೇನ್ರಿ?" ಎಂದಳು. ಬದುಕಿಕೊಂಡೆ ಎಂದುಕೊಂಡೆ.

ಉಗಾದಿಯಾದ ಮೂರನೆಯ ದಿನ ದೇವದುರ್ಗದ ದವಾಖಾನೆಯಲ್ಲಿ ಹುಡುಗಿ ಹಡೆದಳು. ಹೆಣ್ಣು ಕೂಸು, ತಾಯಿಯೂ ಸುಖ. ಹಬ್ಬಕ್ಕೆ ಮಾವನ ಮನೆಯಲ್ಲಿದ್ದ ನಾನು ನೋಡಲು ಹೋದೆ. ಮುದುಕಿ ದವಾಖಾನೆಯ ಕಟ್ಟೆಯ ಮೇಲೆ, ಬಿಸಿಲಿಗೆ ಬೆನ್ನು ಕೊಟ್ಟು, ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಕೂತಿದ್ದಳು. ಹತ್ತು ದಿನದಿಂದ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ.

"ಯವ್ವಾ, ಮಾತು ಅವರದಲ್ಲ ಅಂತ ಅವತ್ತ ನಿನಗ ಗೊತ್ತಿತ್ತು. ಮತ್ತ ಎಲಿ ಯಾಕ ಕೊಟ್ಟಿ? ಎರಡು ತಿಂಗಳು ಬಿಸಿಲಾಗ ಯಾಕ ನಿಂತಿ? ನನ್ನ ಮಾತು ನಂಬಿ ಏನು?"

"ನಿನ್ನ ಮಾತು?" ಅವಳು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. "ಇಲ್ಲಪ್ಪ. ನಾ ಎಲಿ ಹಿಡದಾಗ ಅಂವ ಎದ್ದು ನಿಂತು ಎರಡೂ ಕೈ ಒಡ್ಡಿದ. ನನ್ನ ಕೈಯಾಗಿಂದು ಹಂಗ ಯಾರೂ ತಗೊಂಡಿದ್ದಿಲ್ಲ. ಇಂವ ಬರ್ತಾನ ಅಂದಕೊಂಡೆ." ಆಮೇಲೆ ಸಿಟ್ಟಿಲ್ಲದೆ ಹೇಳಿದಳು: "ನೀ ಹಿಂದ ಸರದಿ."

ಅವಳು ಸೀರೆಯ ಅಂಚು ಸರಿಮಾಡಿ, "ಹಿಡಿ" ಎಂದು ಕೂಸನ್ನು ನನ್ನ ಮುಂದೆ ಚಾಚಿದಳು. ನಾನು ಎರಡೂ ಕೈ ಒಡ್ಡಿದೆ.